ಗುಜರಿಯವನನ್ನು ಕರೆಯುವ ಮೊದಲು

ಆ ಲ್ಯಾಪ್‌ಟಾಪನ್ನು ಸ್ವಲ್ಪ ಕೆಳಗಿಡಿ. ಗುಜರಿಯವನು ನಾಳೆಯೂ ಬರುತ್ತಾನೆ. ಏಳೆಂಟು ವರ್ಷ ನಿಮಗಾಗಿ ದುಡಿದ ಯಂತ್ರವನ್ನು ಕಿಲೋ ಲೆಕ್ಕದಲ್ಲಿ ತೂಗಿಸುವ ಮುಂಚೆ ನನ್ನ ನಾಲ್ಕು ಮಾತು ಕೇಳಿ, ಆಮೇಲೆ ನಿಮ್ಮಿಷ್ಟ. ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಮಕ್ಕಳ ಹಿಂದೆ ಓಡಾಡಿ ತಲೆ ನರೆಸಿಕೊಂಡವಳು ನಾನು. ನಿಜವಾಗಿ ಕೆಟ್ಟು ಮೂಲೆ ಸೇರಿದ ಯಂತ್ರ ಕಂಡದ್ದು ಕಡಿಮೆ. ಇಟ್ಟುಕೊಂಡವರ ಸೋಮಾರಿತನಕ್ಕೆ ಮೂಲೆ ಸೇರಿದವೇ ಹೆಚ್ಚು.

ನಿಮ್ಮ ಗಾಬರಿ ನನಗೆ ಅರ್ಥವಾಗುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಹೋಗಲಿ, ವಿಂಡೋಸ್ 11 ಹಾಕೋಣವೆಂದರೆ ‘ಈ ಕಂಪ್ಯೂಟರಿಗೆ ಆಗುವುದಿಲ್ಲ’ ಎಂದು ಪರದೆಯೇ ಹೇಳುತ್ತದೆ. ಅದಕ್ಕೆ ಟಿಪಿಎಂ 2.0 ಎನ್ನುವ ಭದ್ರತಾ ಚಿಪ್ಪು ಬೇಕು, ಪ್ರೊಸೆಸರೂ ಅವರ ಪಟ್ಟಿಯಲ್ಲಿರಬೇಕು. 2017ಕ್ಕಿಂತ ಹಿಂದಿನ ಬಹುಪಾಲು ಯಂತ್ರಗಳು ಅಲ್ಲೇ ಫೇಲು. ಆದರೆ ನಿಮ್ಮ ಕೀಬೋರ್ಡ್ ಸವೆದಿಲ್ಲ, ಪರದೆ ಒಡೆದಿಲ್ಲ. ನಿಂತಿರುವುದು ಭದ್ರತೆಯ ದುರಸ್ತಿ ಮಾತ್ರ. ಅಷ್ಟಕ್ಕೇ ನಲವತ್ತು ಐವತ್ತು ಸಾವಿರ ಕೊಟ್ಟು ಹೊಸದು ತರುತ್ತೇನೆ ಎನ್ನುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

‘ನಡೀತಾ ಇದೆಯಲ್ಲ, ಹೀಗೇ ಇರಲಿ ಬಿಡಿ’ ಎಂದು ಸುಮ್ಮನೆ ಕೂತರೂ ನಾನು ಬೈಯುತ್ತೇನೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಲಕ್ಷಾಂತರ ವಿಂಡೋಸ್ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿದು, ಬಿಡಿಸಿಕೊಳ್ಳಲು ದುಡ್ಡು ಕೇಳಿತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಮಾರ್ಚಿನಲ್ಲೇ ಬಂದಿತ್ತು! ‘ಆಮೇಲೆ ನೆನಪಿಸು’ ಎಂಬ ಗುಂಡಿಯನ್ನೇ ಒತ್ತುತ್ತ ಕೂತವರು ಎಷ್ಟೋ ಜನ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಬಂತು? ವಿಂಡೋಸ್ 10ರಲ್ಲೇ ಇರಬೇಕೆಂದಿದ್ದರೆ ಹೆಚ್ಚುವರಿ ಭದ್ರತಾ ಅಪ್‌ಡೇಟಿನ ಯೋಜನೆಗೆ ಹೆಸರು ನೋಂದಾಯಿಸಿಕೊಳ್ಳಿ. ಮನೆ ಬಳಕೆದಾರರಿಗೆ ಅದು ಕೊಟ್ಟಿರುವುದು ಒಂದು ವರ್ಷದ ವಾಯಿದೆ ಅಷ್ಟೆ. ಅಷ್ಟರೊಳಗೆ ಬೇರೆ ದಾರಿ ನೋಡಿಕೊಳ್ಳಬೇಕು.

ಆ ಬೇರೆ ದಾರಿಯೇ ಲಿನಕ್ಸ್. ಹೆಸರು ಕೇಳಿದೊಡನೆ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ನೆನೆದು ಹೆದರಬೇಡಿ, ಆ ಕಾಲ ಹೋಯಿತು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಎಷ್ಟೋ ವರ್ಷದಿಂದ ಇದರ ಮೇಲೇ ಕಲಿಯುತ್ತಿದ್ದಾರೆ. ಮಕ್ಕಳ ಕೈಲಾದದ್ದು ನಿಮ್ಮ ಕೈಲಾಗದೇ? ಲಿನಕ್ಸಿನಲ್ಲಿ ನೂರೆಂಟು ಬಗೆ. ಹೊಸಬರು ಆರಿಸುವುದರಲ್ಲೇ ವಾರ ಕಳೆಯಬೇಡಿ, ಲಿನಕ್ಸ್ ಮಿಂಟ್ ತೆಗೆದುಕೊಳ್ಳಿ. ಕೆಳಗಡೆ ಪಟ್ಟಿ, ಎಡ ಮೂಲೆಯಲ್ಲಿ ಮೆನು, ಎಲ್ಲ ನಿಮಗೆ ರೂಢಿಯಿದ್ದ ಹಾಗೇ. 2 ಜಿಬಿ ರ‍್ಯಾಮ್ ಇದ್ದರೂ ಓಡುತ್ತದೆ, 4 ಜಿಬಿ ಇದ್ದರೆ ಆರಾಮ. ಯಂತ್ರ ತೀರ ಹಳೆಯದಾಗಿದ್ದರೆ ಅದರಲ್ಲೇ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ಇದೆ. ಒಳಗೆ ಇನ್ನೂ ತಿರುಗುವ ಹಾರ್ಡ್ ಡಿಸ್ಕೇ ಇದ್ದರೆ ಅದನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ಬೆಂಗಳೂರಿನಲ್ಲಿದ್ದರೆ ಎಸ್.ಪಿ. ರೋಡಿಗೆ ಒಂದು ಸಲ ಹೋಗಿಬನ್ನಿ, ಕಣ್ಣೆದುರೇ ಬಿಚ್ಚಿ ಹಾಕಿಕೊಡುತ್ತಾರೆ. ನೀವು ಅಲ್ಲಿಂದ ಕದಲದೆ ನಿಂತಿರಿ. ಹಳೆಯ ಡಿಸ್ಕನ್ನು ಮರೆಯದೆ ವಾಪಸ್ ಇಸಿದುಕೊಳ್ಳಿ. ನಿಧಾನ, ನಿಧಾನ ಎಂದು ನೀವು ಬೈಯುತ್ತಿದ್ದ ಯಂತ್ರ ಆ ಒಂದು ಬದಲಾವಣೆಗೇ ಎದ್ದು ಓಡುತ್ತದೆ.

ಕೈ ಹಾಕುವ ಮೊದಲು ಫೈಲುಗಳನ್ನು ಬೇರೆ ಕಡೆ ಇಡಿ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ, ಏಕೆಂದರೆ ಪೆಟ್ಟು ತಿಂದವಳು. ನನ್ನ ತಂಗಿಯ ಮದುವೆಯ ಫೋಟೊಗಳೆಲ್ಲ ಒಂದೇ ಡಿಸ್ಕಿನಲ್ಲಿದ್ದವು. ‘ಭಾನುವಾರ ಕಾಪಿ ಮಾಡಿದರಾಯಿತು’ ಎಂದುಕೊಂಡು ಎಷ್ಟು ಭಾನುವಾರ ಕಳೆದೆನೋ. ಒಂದು ದಿನ ಡಿಸ್ಕು ಟಿಕ್ ಟಿಕ್ ಎಂದು ಸದ್ದು ಮಾಡಿ ಸುಮ್ಮನಾಯಿತು. ಧಾರೆ ಎರೆಯುವ ಹೊತ್ತಿನ ಒಂದು ಫೋಟೊ ಕೂಡ ಇವತ್ತು ನಮ್ಮಲ್ಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ನಿಮಗೆ ಕೆಡದೆಯೇ ಬರಲಿ. ಮುಖ್ಯವಾದದ್ದರ ಮೂರು ಪ್ರತಿ ಇರಬೇಕು. ಯಂತ್ರದಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಮನೆಯಿಂದಾಚೆ ಒಂದು. ಆ ಮೂರನೆಯದು ಕ್ಲೌಡಾದರೂ ಸರಿ, ತವರಿನ ಬೀರುವಾದರೂ ಸರಿ. ಕಾಪಿ ಆದಮೇಲೆ ನಾಲ್ಕಾರು ಫೈಲು ತೆರೆದೂ ನೋಡಿ. ಫೋಲ್ಡರಿನ ಹೆಸರು ಕಂಡರೆ ಸಾಲದು, ಒಳಗೆ ಸರಕಿದೆಯೇ ಎಂದು ತಿಳಿಯಬೇಡವೇ?

ಆಮೇಲೆ ಪೆನ್‌ಡ್ರೈವಿನಲ್ಲಿ ಮಿಂಟ್ ಬರೆದುಕೊಂಡು ಅಲ್ಲಿಂದಲೇ ಓಡಿಸಿ ನೋಡಿ. ಏನನ್ನೂ ಇನ್‌ಸ್ಟಾಲ್ ಮಾಡದೆ ಹೀಗೆ ರುಚಿ ನೋಡಬಹುದು. ವೈಫೈ ಸಿಗುತ್ತದೆಯೇ, ಸದ್ದು ಬರುತ್ತದೆಯೇ, ಪ್ರಿಂಟರ್ ಮಾತು ಕೇಳುತ್ತದೆಯೇ ಎಂದು ಒಂದೊಂದಾಗಿ ಪರೀಕ್ಷಿಸಿ. ಹೆಣ್ಣು ಗಂಡು ನೋಡದೆ ಲಗ್ನಪತ್ರಿಕೆ ಅಚ್ಚು ಹಾಕಿಸುತ್ತಾರೆಯೇ? ಡೌನ್‌ಲೋಡನ್ನು ಮಿಂಟಿನ ಅಧಿಕೃತ ತಾಣದಿಂದಲೇ ಮಾಡಿ, ಜೊತೆಗೆ ಅಲ್ಲಿ ಕೊಟ್ಟಿರುವ ಚೆಕ್‌ಸಮ್ ಎಂಬ ಸಂಖ್ಯೆ ನಿಮ್ಮ ಫೈಲಿಗೆ ಹೊಂದುತ್ತದೆಯೇ ನೋಡಿ. 2016ರ ಫೆಬ್ರವರಿಯಲ್ಲಿ ಆ ತಾಣಕ್ಕೇ ಕಳ್ಳರು ನುಗ್ಗಿ, ಹಿಂಬಾಗಿಲಿಟ್ಟ ಫೈಲಿಗೆ ಜನ ಹೋಗುವಂತೆ ಮಾಡಿದ್ದರು. ಮಿಂಟಿನವರು ಬೇಗನೆ ಪತ್ತೆಹಚ್ಚಿ ಊರಿಗೆಲ್ಲ ಹೇಳಿದರೆನ್ನಿ. ಆದರೂ ದೇವಸ್ಥಾನದ ಮುಂದೆಯೇ ಚಪ್ಪಲಿ ಕಳುವಾಗುವ ಕಾಲ, ಕಣ್ಣಿಟ್ಟಿರಬೇಕು.

ಈಗ ಕನ್ನಡದ ವಿಷಯ. ಬಹಳ ಜನ ವಾಪಸ್ ಓಡಿಬರುವುದು ಇಲ್ಲೇ. ಹಳೆಯ ಫೈಲು ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಕೊಂಬು, ನಡುನಡುವೆ ಪೌಂಡ್ ಚಿಹ್ನೆ. ‘ನಿಮ್ಮ ಲಿನಕ್ಸಿಗೆ ಕನ್ನಡ ಬರುವುದಿಲ್ಲ’ ಎಂದು ನನ್ನ ಮೇಲೆ ರೇಗುತ್ತಾರೆ. ತಪ್ಪು ಲಿನಕ್ಸಿನದಲ್ಲ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ್ದು ಒಳಗೆ ಕನ್ನಡವೇ ಆಗಿರಲಿಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿದ್ದು. ಆ ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ಅದನ್ನು ಮಾಡಿದವರನ್ನು ನಾನು ದೂರುವುದಿಲ್ಲ. ಕಂಪ್ಯೂಟರುಗಳು ಯುನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸಲಾರದ ಕಾಲದಲ್ಲಿ ನಮಗೆ ದಾರಿ ಮಾಡಿಕೊಟ್ಟವರು ಅವರು. ಈಗ ಯುನಿಕೋಡ್ ಎಲ್ಲ ಕಡೆ ಇದೆಯಲ್ಲ, ಇನ್ನೂ ಹಳೆಯ ಫಾಂಟಿನಲ್ಲೇ ಬರೆದು ‘ಓದಲು ಬರುತ್ತಿಲ್ಲ’ ಎಂದವರಿಗೆ ಫಾಂಟೂ ಕಳಿಸುವ ನಿಮ್ಮನ್ನು ಮಾತ್ರ ದೂರುತ್ತೇನೆ. ವಿಂಡೋಸ್ ಇರುವಾಗಲೇ ಕನ್ವರ್ಟರಿನಲ್ಲಿ ಹಾಕಿ ಎಲ್ಲವನ್ನೂ ಯುನಿಕೋಡಿಗೆ ತನ್ನಿ. ಅರ್ಕಾವೊತ್ತು, ಒತ್ತಕ್ಷರ ಎಡವಿರುತ್ತವೆ, ಒಮ್ಮೆ ಓದಿ ತಿದ್ದಿ.

ಟೈಪಿಂಗ್ ಹೊಸದಾಗಿ ಕಲಿಯಬೇಕೆಂಬ ಅಂಜಿಕೆಯೂ ಬೇಡ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಭಾರತೀಯ ಭಾಷೆಗಳ ಪಟ್ಟಿ ತೆರೆಯಿರಿ. ಕನ್ನಡದ ಪಕ್ಕದಲ್ಲಿ ಕಗಪ ಎಂಬ ಹೆಸರು ಕಾಣುತ್ತದೆ. ಅದು ನಮ್ಮ ಕನ್ನಡ ಗಣಕ ಪರಿಷತ್ತಿನ ಹೆಸರೇ! ಕೆ.ಪಿ. ರಾಯರು ಹಾಕಿಕೊಟ್ಟ ದಾರಿಯ ಕೀಲಿಮಣೆ, ಒತ್ತಿಗೆ ಎಫ್ ಒತ್ತುವ ಅದೇ ಅಭ್ಯಾಸ. ಜಗತ್ತಿನ ಯಾವ ಮೂಲೆಯಲ್ಲಿ ಲಿನಕ್ಸ್ ಹಾಕಿಕೊಂಡರೂ ಪಟ್ಟಿಯಲ್ಲಿ ಕಗಪ ಕಂಡು ನನಗೆ ತವರಿನವರು ಸಿಕ್ಕ ಹಾಗಾಗುತ್ತದೆ. ಅಕ್ಷರ ಚೆನ್ನಾಗಿರಲೆಂದರೆ ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳನ್ನು ಸಾಫ್ಟ್‌ವೇರ್ ಮ್ಯಾನೇಜರಿನಿಂದ ಹಾಕಿಕೊಳ್ಳಿ. ಬರೆಯಲು ಲಿಬ್ರೆಆಫೀಸ್ ಜೊತೆಯಲ್ಲೇ ಬರುತ್ತದೆ. ಬೇರೆಯವರು ಬರೀ ಓದುವುದಾದರೆ ಪಿಡಿಎಫ್ ಮಾಡಿ ಕಳಿಸಿ. ಡಾಕ್ಸ್ ಕಳಿಸಿ, ಅಲ್ಲಿ ಪುಟ ಹಿಂದುಮುಂದಾಯಿತೆಂದು ಆಮೇಲೆ ಗೋಳಾಡಬೇಡಿ.

ಎಲ್ಲರೂ ಬದಲಾಯಿಸಿ ಎಂದು ನಾನು ಹೇಳುತ್ತಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆದು ಹೊಟ್ಟೆ ಹೊರೆಯುವವರು ನೀವಾಗಿದ್ದರೆ ವಿಂಡೋಸಿನಲ್ಲೇ ಇರಿ, ಅದು ಅಲ್ಲಿಗೇ ಮಾಡಿದ್ದು. ಅನ್ನ ಕೊಡುವ ತಟ್ಟೆಯ ಜೊತೆ ಪ್ರಯೋಗ ಬೇಡ.

ವಿಂಡೋಸಿನಲ್ಲೇ ಇರುವುದಾದರೆ ದುಡ್ಡು ಕೊಟ್ಟ ಅಸಲಿಯಲ್ಲಿ ಇರಿ. ‘ಕ್ರ್ಯಾಕ್’ ಹಾಕಿಸಿಕೊಂಡು ಬಂದು ಹೆಮ್ಮೆಯಿಂದ ಹೇಳುವವರನ್ನು ಕಂಡರೆ ನನಗೆ ಕಿವಿ ಹಿಂಡುವಷ್ಟು ಸಿಟ್ಟು. ಆ ಕ್ರ್ಯಾಕ್ ಹಾಕುವ ಮೊದಲ ಹೆಜ್ಜೆಯೇ ‘ಆಂಟಿವೈರಸ್ ಆಫ್ ಮಾಡಿ’ ಎಂದಿರುತ್ತದೆ. ನಾಯಿಯನ್ನು ಕಟ್ಟಿಹಾಕಿ ಎಂದು ಹೇಳಿ ಮನೆಯೊಳಗೆ ಬರುವವನು ನೆಂಟನೇ? ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎಂಬ ಬುದ್ಧಿ ಬಿಡಿ. ಇದೇ ಯಂತ್ರದಲ್ಲಿ ನಿಮ್ಮ ಬ್ಯಾಂಕಿನ ಪಾಸ್‌ವರ್ಡೂ ಇದೆ. ಹಾಗೆಯೇ ಏನೋ ಕೈಕೊಟ್ಟಿತೆಂದು ಇಂಟರ್ನೆಟ್ಟಿನಲ್ಲಿ ಸಿಕ್ಕ ಯಾವುದೋ ‘ಕಸ್ಟಮರ್ ಕೇರ್’ ನಂಬರಿಗೆ ಫೋನ್ ಮಾಡಿ, ಅವನು ಹೇಳಿದ ಆ್ಯಪ್ ಹಾಕಿ ಪರದೆ ಒಪ್ಪಿಸಬೇಡಿ. ಒಪ್ಪಿಸಿ ದುಡ್ಡು ಹೋಗಿದ್ದರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಮುಕ್ತ ತಂತ್ರಾಂಶವೂ ಪುಕ್ಕಟೆ ತಾನೇ ಎನ್ನುತ್ತೀರಿ. ಇಂಗ್ಲಿಷಿನವರಿಗೆ ಎರಡಕ್ಕೂ ಒಂದೇ ಪದ, ಪಾಪ, ವಿವರಿಸಿ ಸಾಕಾಗುತ್ತಾರೆ. ನಮಗೆ ಮುಕ್ತ ಬೇರೆ, ಬಿಟ್ಟಿ ಬೇರೆ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆ ಸಾರಿದ್ದು, 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತನ್ನ ಲಿನಕ್ಸನ್ನು ಊರಿನ ಮುಂದಿಟ್ಟದ್ದು, ಅಲ್ಲಿಂದ ಬಂದ ಬುತ್ತಿ ಇದು. ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಪಕ್ಕದ ಮನೆಗೂ ಕೊಡಬಹುದು. ಆದರೆ ಅಡಿಗೆ ಮಾಡಿದವರು ಯಾರೋ ಇದ್ದಾರೆ. 2024ರ ಮಾರ್ಚಿನಲ್ಲಿ ಎಕ್ಸ್‌ಜೆಡ್ ಎಂಬ ಸಣ್ಣ ತಂತ್ರಾಂಶದೊಳಗೆ ಯಾರೋ ಹಿಂಬಾಗಿಲು ಇಟ್ಟದ್ದು ಬಯಲಾಯಿತು. ಅದನ್ನು ವರ್ಷಗಟ್ಟಲೆ ನೋಡಿಕೊಂಡಿದ್ದವರು ಹೆಚ್ಚುಕಮ್ಮಿ ಒಬ್ಬರೇ. ‘ಯಾಕಿಷ್ಟು ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ’ ಎಂದು ಅವರನ್ನು ಚುಚ್ಚಿ ಚುಚ್ಚಿ ದಣಿಸಿದ ಮೇಲೆ, ಸಹಾಯ ಮಾಡುವ ಸೋಗಿನಲ್ಲಿ ಬಂದವನ ಕೈಗೆ ಕೀಲಿ ಸಿಕ್ಕಿತ್ತು. ಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂಬ ಅನುಮಾನದಿಂದ ಅಗೆದದ್ದು. ಕೋಡ್ ತೆರೆದಿದ್ದರಿಂದ ಅಗೆಯಲು ಬಂತು.

ಅದಕ್ಕೇ ಹೇಳುವುದು, ಏನಾದರೂ ಕೆಲಸ ಮಾಡದಿದ್ದರೆ ಸೌಜನ್ಯದಿಂದ ಬರೆಯಿರಿ. ಯಾವ ಆವೃತ್ತಿ, ಏನು ಒತ್ತಿದಿರಿ, ಏನು ಬಂತು ಎಂಬ ಮೂರು ವಿವರ ಕೊಟ್ಟರೆ ಅರ್ಧ ಕೆಲಸ ಆದ ಹಾಗೆ. ‘ದಂಡ ಸಾಫ್ಟ್‌ವೇರ್’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ವರ್ಷಕ್ಕೊಮ್ಮೆ ಕೈಲಾದಷ್ಟು ದೇಣಿಗೆ ಕೊಡಿ, ಇಲ್ಲವೇ ಕನ್ನಡ ಅನುವಾದದಲ್ಲಿ ನಾಲ್ಕು ಸಾಲು ಸರಿಪಡಿಸಿ. ಇನ್ನು ಲಿನಕ್ಸ್ ಹಾಕಿ ಎರಡೇ ದಿನಕ್ಕೆ ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಕೂತು ವಿಂಡೋಸಿನವರನ್ನೆಲ್ಲ ಹೀಯಾಳಿಸುವ ಉತ್ಸಾಹಿಗಳು ಬೇರೆ! ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಸುಮ್ಮನೆ ಊಟ ಮಾಡಿ. ಯಾರಾದರೂ ಕೇಳಿದರೆ ಪೆನ್‌ಡ್ರೈವ್ ಕೊಡಿ.

ಇಷ್ಟೆಲ್ಲ ಮಾಡಿಯೂ ಯಂತ್ರ ಏಳಲಿಲ್ಲವೇ? ಆಗ ಕಳಿಸಿ, ಬೇಡ ಎನ್ನುವುದಿಲ್ಲ. ಆದರೆ ಡಿಸ್ಕನ್ನು ಮಾತ್ರ ಬಿಚ್ಚಿ ಇಟ್ಟುಕೊಳ್ಳಿ. ಡಿಲೀಟ್ ಒತ್ತಿ ಕಸದ ಬುಟ್ಟಿ ಖಾಲಿ ಮಾಡಿದರೆ ಫೈಲು ಅಳಿಸಿಹೋಗುವುದಿಲ್ಲ, ಗೊತ್ತಿದ್ದವರು ಮತ್ತೆ ಎತ್ತುತ್ತಾರೆ. ಬ್ಯಾಟರಿ ಹಪ್ಪಳದ ಹಾಗೆ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೆ ಹಾಕಲೇಬೇಡಿ. ಬೀದಿಯ ಗಾಡಿಗೆ ಕೊಡದೆ ಇ-ತ್ಯಾಜ್ಯ ತೆಗೆದುಕೊಳ್ಳುವ ಅನುಮತಿ ಇರುವವರಿಗೇ ಕೊಡಿ. ಬಿಚ್ಚಿದ ಸ್ಕ್ರೂಗಳನ್ನು ಡಬ್ಬಿಗೆ ಹಾಕಿ ಮೇಲೆ ಹೆಸರು ಬರೆದಿಡಿ. ನಾನು ಬರೆಯದೆ ಅಡುಗೆಮನೆಯಲ್ಲಿಟ್ಟು, ನಮ್ಮನೆಯವರು ಅದನ್ನು ಸಾಸಿವೆ ಡಬ್ಬಿ ಎಂದುಕೊಂಡು ಒಗ್ಗರಣೆ ಸೌಟಿಗೆ ಬಗ್ಗಿಸಿದ್ದರು.