ಭತ್ತ, ಹತ್ತಿ, ತೊಗರಿ: ಚೀಲ ಹೇರುವ ಮುನ್ನ ತೇವಾಂಶ ಅಳೆಯಿರಿ

ನಾರಾಯಣಪುರ ಬಲದಂಡೆ ಕಾಲುವೆಯ ದೇವದುರ್ಗ ಭಾಗದಲ್ಲಿ, ತುಂಗಭದ್ರಾ ಎಡದಂಡೆಯ ಮಾನ್ವಿ ಭಾಗದಲ್ಲಿ ಭತ್ತದ ಕಟಾವಿಗೆ ಈಗ ಹಾರ್ವೆಸ್ಟರ್‌ಗಳೇ ಬರುತ್ತವೆ. ಕೈಯಿಂದ ಕೊಯ್ದು, ಬಣವೆ ಒಟ್ಟಿ ರಾಶಿ ಮಾಡುತ್ತಿದ್ದ ಕಾಲದಲ್ಲಿ ಕಾಳು ಬಣವೆಯಲ್ಲೇ ಆರುತ್ತಿತ್ತು. ಯಂತ್ರದಿಂದ ನೇರ ಟ್ರ್ಯಾಲಿಗೆ ಬೀಳುವ ಭತ್ತದಲ್ಲಿ ಶೇ 20ಕ್ಕೂ ಹೆಚ್ಚು ತೇವಾಂಶ ಇರಬಹುದು. ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿದರೆ ಹಸಿಯೋ ಒಣಗಿದೆಯೋ ಗೊತ್ತಾಗುತ್ತದೆ. ಅದು ಶೇ 16ರಲ್ಲಿದೆಯೋ 18ರಲ್ಲಿದೆಯೋ ಗೊತ್ತಾಗದು. ಖರೀದಿ ಕೇಂದ್ರದಲ್ಲಿ ಮಾಲು ನಿಲ್ಲುವುದೂ ತಿರುಗಿ ಬರುವುದೂ ಆ ಎರಡು ಅಂಕಿಯ ಅಂತರದಲ್ಲೇ.

ಯಾವ ಬೆಳೆಗೆ ಎಷ್ಟು?

ಬೆಂಬಲ ಬೆಲೆ ಖರೀದಿಯ ಗರಿಷ್ಠ ಮಿತಿಗಳು ಹೀಗಿವೆ:

• ಭತ್ತ: ಶೇ 17
• ಜೋಳ: ಶೇ 14
• ತೊಗರಿ: ಶೇ 12
• ಹತ್ತಿ: ಶೇ 8ರವರೆಗೆ ಪೂರ್ಣ ಬೆಲೆ, 8ರಿಂದ 12ರವರೆಗೆ ತೇವಾಂಶಕ್ಕೆ ತಕ್ಕಂತೆ ಕಡಿತ, 12 ದಾಟಿದರೆ ಭಾರತೀಯ ಹತ್ತಿ ನಿಗಮ ಕೊಳ್ಳುವುದಿಲ್ಲ

ಮಾರುವ ಮಿತಿಯೇ ಕೂಡಿಡುವ ಮಿತಿಯಲ್ಲ. ಭತ್ತವನ್ನು ತಿಂಗಳುಗಟ್ಟಲೆ ಇಡುವುದಿದ್ದರೆ ಶೇ 14ಕ್ಕೆ, ಬಿತ್ತನೆ ಬೀಜಕ್ಕಾದರೆ 13ಕ್ಕೆ ಇಳಿಸಬೇಕು. ಇಲ್ಲವಾದರೆ ಚೀಲದೊಳಗೆ ಕಾವು ಹುಟ್ಟಿ ಬೂಷ್ಟು ಹಿಡಿಯುತ್ತದೆ.

ಯಾವ ಮೀಟರ್ ಕೊಳ್ಳಬೇಕು?

ಕಾಳಿಗೆ ಬಟ್ಟಲಿನ ಮಾದರಿಯ ಮೀಟರ್ ಸೂಕ್ತ. ಕಾಳಿನಲ್ಲಿ ನೀರು ಹೆಚ್ಚಿದಷ್ಟೂ ಅದರ ವಿದ್ಯುತ್ ಗುಣ ಬದಲಾಗುತ್ತದೆ. ಯಂತ್ರ ಅದನ್ನು ಅಳೆದು ಶೇಕಡಾವಾರು ತೋರಿಸುತ್ತದೆ. ಈ ಗುಣ ಬೆಳೆಯಿಂದ ಬೆಳೆಗೆ ಬೇರೆ. ಆದ್ದರಿಂದ ಕೊಳ್ಳುವಾಗ ಭತ್ತ, ಜೋಳ, ತೊಗರಿ ಮೂರೂ ಅದರ ಪಟ್ಟಿಯಲ್ಲಿವೆಯೇ, ಕಾಳಿನ ಉಷ್ಣತೆಗೆ ತಕ್ಕಂತೆ ಲೆಕ್ಕ ಸರಿಪಡಿಸುತ್ತದೆಯೇ ಎಂದು ಕೇಳಿ.

ಹತ್ತಿಗೆ ಮುಳ್ಳಿನ ಮಾದರಿ ಬೇಕು. ಎರಡು ಮುಳ್ಳುಗಳ ನಡುವೆ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದರಿಂದ ಅದು ತೇವ ಹೇಳುತ್ತದೆ. ಕಟ್ಟಿಗೆಯ ಪಿನ್ ಮೀಟರ್ ಕೆಲಸ ಮಾಡುವುದೂ ಹೀಗೆಯೇ. ಆದರೆ ಕಟ್ಟಿಗೆಗೆಂದು ತಯಾರಾದ ಅಗ್ಗದ ಮೀಟರ್ ತಂದು ಹತ್ತಿಗೋ ಭತ್ತಕ್ಕೋ ಚುಚ್ಚಬೇಡಿ. ಕಟ್ಟಿಗೆಯಲ್ಲಿ ನೀರನ್ನು ಒಣ ಕಟ್ಟಿಗೆಯ ತೂಕಕ್ಕೆ ಹೋಲಿಸುತ್ತಾರೆ, ಕಾಳಿನಲ್ಲಿ ಒಟ್ಟು ತೂಕಕ್ಕೆ. 150 ಕೆ.ಜಿ. ಹಸಿ ಜಾಲಿ ಪೂರ್ತಿ ಒಣಗಿ 100 ಕೆ.ಜಿ. ಆದರೆ ಕಟ್ಟಿಗೆ ಲೆಕ್ಕದಲ್ಲಿ ತೇವಾಂಶ ಶೇ 50. ಕಾಳಿನ ಲೆಕ್ಕದಲ್ಲಿ ಶೇ 33.

ಅಳೆಯುವ ಕ್ರಮ

1. ರಾಶಿಯ ಮೇಲಿನ ಒಂದು ಹಿಡಿ ಸಾಲದು. ತುದಿ, ನಡು, ಬುಡ, ಬದಿಗಳಿಂದ ತೆಗೆದು ಕಲಸಿ. ಕಸಕಡ್ಡಿ, ಜೊಳ್ಳು ತೆಗೆಯಿರಿ.
2. ಬಿಸಿಲಿನಿಂದ ಆಗಷ್ಟೇ ಎತ್ತಿದ ಕಾಳು ಬಿಸಿಯಾಗಿರುತ್ತದೆ, ಹೊರಮೈ ಒಣಗಿ ಒಳಗೆ ಹಸಿ ಉಳಿದಿರುತ್ತದೆ. ಮುಚ್ಚಿದ ಡಬ್ಬಿಯಲ್ಲಿ ನೆರಳಿನಲ್ಲಿಟ್ಟು ತಣ್ಣಗಾದ ಮೇಲೆ ಅಳೆಯಿರಿ.
3. ಮೀಟರ್‌ನಲ್ಲಿ ಸರಿಯಾದ ಬೆಳೆ ಆಯ್ಕೆಯಾಗಿದೆಯೇ ನೋಡಿ, ಹೇಳಿದಷ್ಟೇ ಕಾಳು ತುಂಬಿ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ.
4. ಹತ್ತಿಯಲ್ಲಿ ಅಂಡಿಗೆಯ ಒಳಭಾಗಕ್ಕೂ ಮುಳ್ಳು ಚುಚ್ಚಿ. ಸಡಿಲ ಹತ್ತಿಯಲ್ಲಿ ಅಂಕಿ ಕಡಿಮೆ ಬರುತ್ತದೆ. ಪ್ರತಿ ಸಲವೂ ಒಂದೇ ರೀತಿ ಒತ್ತಿ ಹಿಡಿಯಿರಿ.
5. ಸೌದೆಯಾದರೆ ತುಂಡನ್ನು ಸೀಳಿ ಒಳಮೈಗೆ ಪಿನ್ ಒತ್ತಿ. ಶೇ 20ಕ್ಕಿಂತ ಕಡಿಮೆಯಿದ್ದರೆ ಹೊಗೆ ಕಡಿಮೆ, ಉರಿ ಹೆಚ್ಚು.

ತಕ್ಕಡಿಯಿಂದಲೇ ತಾಳೆ

50 ಕೆ.ಜಿ. ಭತ್ತದಲ್ಲಿ ಮೀಟರ್ ಶೇ 20 ತೋರಿಸಿತೆನ್ನಿ. ಅದರಲ್ಲಿ 10 ಕೆ.ಜಿ. ನೀರು, 40 ಕೆ.ಜಿ. ಒಣ ಕಾಳು. ಅದೇ ಚೀಲದ ಭತ್ತವನ್ನು ಬೇರೆಯಾಗಿ ಒಣಗಿಸಿ ತೂಗಿ. ತೂಕ 48.2 ಕೆ.ಜಿ.ಗೆ ಇಳಿದಾಗ ತೇವಾಂಶ ಶೇ 17, 46.5ಕ್ಕೆ ಇಳಿದಾಗ ಶೇ 14. ಆಗ ಮೀಟರ್ ಬೇರೆ ಅಂಕಿ ತೋರಿಸಿದರೆ ಅದನ್ನು ಸರಿಪಡಿಸಬೇಕು ಎಂದರ್ಥ. ಮಾರಾಟಕ್ಕೆಂದೇ ಒಣಗಿಸುವವರು 17ರ ಒಳಗೆ ಬಂದೊಡನೆ ನಿಲ್ಲಿಸಿದರೆ ಸಾಕು. 14ಕ್ಕಿಳಿಸಿದರೆ ಚೀಲಕ್ಕೆ 1.7 ಕೆ.ಜಿ. ತೂಕ ಸುಮ್ಮನೆ ಹೋಗುತ್ತದೆ. ಕಡು ಬಿಸಿಲಲ್ಲಿ ಅತಿಯಾಗಿ ಒಣಗಿದ ಭತ್ತ ಮಿಲ್ಲಿನಲ್ಲಿ ನುಚ್ಚಾಗುವುದೂ ಹೆಚ್ಚು.

ಹತ್ತಿಯನ್ನು ಮಂಜು ಆರಿದ ಮೇಲೆ ಬಿಡಿಸಿ, ತಾಡಪತ್ರಿಯ ಮೇಲೆ ತೆಳ್ಳಗೆ ಹರವಿ. ತೂಕ ಬರಲೆಂದು ನೀರು ಚಿಮುಕಿಸಿದರೆ ಅರಳೆಯ ಬಣ್ಣ ಕೆಡುತ್ತದೆ, ದರ್ಜೆಯೂ ಇಳಿಯುತ್ತದೆ.

ಒಳ್ಳೆಯ ಮೀಟರ್ ಒಬ್ಬರಿಗೆ ಭಾರವೆನಿಸಿದರೆ ಊರಿನ ಐದಾರು ರೈತರು, ಸ್ವಸಹಾಯ ಸಂಘ ಅಥವಾ ರೈತ ಉತ್ಪಾದಕ ಕಂಪನಿ ಸೇರಿ ಕೊಳ್ಳಬಹುದು. ಸುಗ್ಗಿಗೆ ಮುನ್ನ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಅಥವಾ ಕೃಷಿ ವಿಜ್ಞಾನ ಕೇಂದ್ರದ ತಜ್ಞರ ಸಲಹೆ ಪಡೆಯಿರಿ. ಕಣದಲ್ಲಿ ಬಂದ ಅಂಕಿ ಬರೆದಿಟ್ಟುಕೊಳ್ಳಿ. ಖರೀದಿ ಕೇಂದ್ರದಲ್ಲಿ ನಿಮ್ಮೆದುರೇ ಅಳೆಯಲು ಹೇಳಿ, ಅಂತರ ಕಂಡರೆ ಇನ್ನೊಂದು ಮಾದರಿ ತೆಗೆಸಿ ಮತ್ತೆ ಅಳೆಸಿ.