ಎಲ್ಲ ಮಕ್ಕಳಿಗೂ ಪಾಠ ತಲುಪಲು ಆರು ಸೂತ್ರಗಳು

ಮಲೆನಾಡಿನ ಸಂಸೆ, ಕಳಸ ಸುತ್ತಿನ ಶಾಲೆಗಳಲ್ಲಿ ಅಡಿಕೆ ತೋಟದ ಮಗು, ಟೀ ಎಸ್ಟೇಟಿನ ಲೈನ್ ಮನೆಯ ಮಗು, ಕಾಡಂಚಿನ ಮಲೆಕುಡಿಯರ ಮಗು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಪಾಠ ಒಂದೇ ಇರಬಹುದು, ಕಲಿಸುವ ದಾರಿ ಒಂದೇ ಆದರೆ ಸಾಲದು.

1. ಮನೆಮಾತನ್ನು ಒಳಗೆ ಬಿಡಿ. ‘ಮಳೆ’ ತುಳುವಿನಲ್ಲಿ ‘ಬರ್ಸ’, ತಮಿಳಿನಲ್ಲಿ ‘ಮಳೈ’. ಮೂರನ್ನೂ ಮಕ್ಕಳ ಬಾಯಿಂದಲೇ ಹೇಳಿಸಿ, ಬೋರ್ಡಿನ ಮೇಲೆ ಬರೆಯಿರಿ. ತನ್ನ ಮಾತಿಗೆ ಬೆಲೆ ಸಿಕ್ಕಿದ ಮಗು ಕನ್ನಡಕ್ಕೂ ಬೇಗ ಬಾಯಿ ಬಿಡುತ್ತದೆ.

2. ನಿಂತಲ್ಲಿಂದ ಮುಂದುವರಿಸಿ. ಇದು ಎಲ್ಲಕ್ಕಿಂತ ಮುಖ್ಯ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಬಂದು ‘ನಲಿ ಕಲಿ’ ಪದ್ಧತಿ ಕಟ್ಟಿದರು. ಅದರಲ್ಲಿ ಪಾಠವೆಂದರೆ ಏಣಿ, ಮೆಟ್ಟಿಲಿಗೊಂದು ಕಾರ್ಡು. ನವೆಂಬರಿನಲ್ಲಿ ಕಾಫಿ ಕೊಯ್ಲು ಶುರುವಾದರೆ ಅಪ್ಪ ಅಮ್ಮನ ಜೊತೆ ತೋಟಕ್ಕೆ ಹೋಗಿ ವಾರಗಟ್ಟಲೆ ತಪ್ಪಿಸಿಕೊಳ್ಳುವ ಮಗುವಿಗೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಾಣೆ. ಮರಳಿ ಬಂದಾಗ ತರಗತಿಯನ್ನು ಹಿಡಿಯಲು ಅದು ಓಡಬೇಕಿಲ್ಲ, ಬಿಟ್ಟ ಮೆಟ್ಟಿಲಿನಿಂದ ಹತ್ತಿದರಾಯಿತು.

3. ಅಕ್ಷರ ಕಲಿತ ದಿನವೇ ಪದ ಓದಿಸಿ. ನಲಿ ಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದರಲ್ಲೇ ಸರ, ಅರಸ, ಗರಗಸ ಹುಟ್ಟುತ್ತವೆ. ಇಡೀ ವರ್ಣಮಾಲೆ ಮುಗಿಯುವವರೆಗೆ ಕಾದರೆ ನಿಧಾನ ಕಲಿಯುವ ಮಗುವಿಗೆ ಓದಿನ ರುಚಿಯೇ ಸಿಗುವುದಿಲ್ಲ.

4. ಕಿವಿಯನ್ನೇ ನಂಬಬೇಡಿ. ಆಷಾಢದ ಮಳೆ ಶೀಟಿನ ಮೇಲೆ ಸುರಿಯುವಾಗ ಹಿಂದಿನ ಸಾಲಿಗೆ ನಿಮ್ಮ ಮಾತು ಕೇಳಿಸದು. ಚಿತ್ರ, ಮಿಂಚುಪಟ್ಟಿ, ಕೈಸನ್ನೆ ಬಳಸಿ. ಕಿವಿ ಮಂದವಿರುವ ಮಗುವಿಗೆ ಪ್ರತಿದಿನವೂ ಅಂಥದೇ ಮಳೆ.

5. ಲೆಕ್ಕವನ್ನು ತೋಟದಿಂದ ತನ್ನಿ. ಸಂಜೆ ಕಾಫಿ ಹಣ್ಣು ತೂಗುವಾಗ ಅಮ್ಮನ ಕೂಲಿ ಎಷ್ಟಾಯಿತೆಂದು ಬಾಯಿಲೆಕ್ಕದಲ್ಲಿ ಹೇಳುವ ಹುಡುಗಿ ಪುಸ್ತಕದ ಗುಣಾಕಾರಕ್ಕೆ ತಡವರಿಸಬಹುದು. ಮೊದಲು ಕಿಲೋ, ದರ, ಮೊತ್ತ ಹೇಳಿಸಿ. ಗುಣಾಕಾರದ ಚಿಹ್ನೆ ಆಮೇಲೆ ಬರಲಿ.

6. ‘ದಡ್ಡ’ ಅನ್ನಬೇಡಿ. ಅಕ್ಷರ ತಿರುಗುಮುರುಗಾಗಿ ಬರೆಯುವುದು ತುಂಬಾ ದಿನ ನಿಲ್ಲದಿದ್ದರೆ ಪರೀಕ್ಷೆ ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಕಲಿಕಾ ನ್ಯೂನತೆಯೂ ಒಂದು. ಬರೆಯಲಾಗದ ಉತ್ತರವನ್ನು ಬಾಯಲ್ಲಿ ಕೇಳಿ.

ನಿಮ್ಮ ತರಗತಿಯಲ್ಲಿ ಈ ವಾರ ಒಂದು ಮಾತೂ ಆಡದ ಮಗು ಯಾವುದು ನೋಡಿ. ಅದರ ಪಕ್ಕ ಹತ್ತು ನಿಮಿಷ ಕುಳಿತು, ಏನು ಬರುತ್ತದೆಂದು ಕೇಳಿ. ನಾಳೆಯ ಪಾಠವನ್ನು ಅಲ್ಲಿಂದ ಶುರುಮಾಡಿ.