ಶ್ವಾಸನಾಳಕ್ಕೆ ಕ್ಯಾಮೆರಾ ಇಳಿಸುವಾಗ ಆಕ್ಸಿಜನ್ ಹೇಗೆ ಕೊಡುತ್ತಾರೆ?

ಬಿಡದ ಕೆಮ್ಮು, ಕಫದಲ್ಲಿ ರಕ್ತ, ಎಕ್ಸ್‌ರೇಯಲ್ಲಿ ಅರ್ಥವಾಗದ ಕಲೆ. ಇಂಥ ವೇಳೆ ಡಾಕ್ಟರು ಬ್ರಾಂಕೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ನಳಿಗೆಯನ್ನು ಶ್ವಾಸನಾಳಕ್ಕೆ ಇಳಿಸಿ ನೋಡುವ ಪರೀಕ್ಷೆ, ಬರೆದುಕೊಡುತ್ತಾರೆ. ಖೂಬಾ ಪ್ಲಾಟ್‌ನಿಂದ ಆಟೊ ಹತ್ತುವವರಿಗೂ ಕಮಲಾಪುರದಿಂದ ಬಸ್ ಹಿಡಿಯುವವರಿಗೂ ಕಾಡುವ ಹೆದರಿಕೆ ಒಂದೇ: ನಳಿಗೆ ಒಳಗಿದ್ದರೆ ಉಸಿರಾಡುವುದು ಹೇಗೆ? ನಳಿಗೆಯ ದಪ್ಪ ಸುಮಾರು 5–6 ಮಿ.ಮೀ.; ದೊಡ್ಡವರ ಶ್ವಾಸನಾಳ ಅದಕ್ಕಿಂತ ಎಷ್ಟೋ ಅಗಲ. ಉಸಿರು ಪಕ್ಕದಿಂದ ಆಡುತ್ತಲೇ ಇರುತ್ತದೆ. ಆದರೆ ಮಂಪರಿನ ಮದ್ದು, ಕಫ ಹೀರುವುದು, ಒಳಗೆ ಸಲೈನ್ ಬಿಟ್ಟು ತೊಳೆಯುವುದು ರಕ್ತದ ಆಕ್ಸಿಜನ್ ಇಳಿಸಬಹುದು.

ಮೊದಲು ಉಪವಾಸ. ಪರೀಕ್ಷೆಗೆ ಮುಂಚಿನ 6 ಗಂಟೆ ಏನೂ ತಿನ್ನುವಂತಿಲ್ಲ. ‘ರೊಟ್ಟಿ ತಿಂದಿಲ್ರೀ, ಒಂದು ಬಾಳೆಹಣ್ಣು ಅಷ್ಟೇ’ ಎಂದರೆ ನಡೆಯದು, ಕಮಲಾಪುರದ ಕೆಂಪುಬಾಳೆಯಾದರೂ ಸರಿ. ಹಾಲಿನ ಚಹಾ ಕೂಡ ಊಟದ ಲೆಕ್ಕವೇ. ಬರೀ ನೀರನ್ನು ಸಾಮಾನ್ಯವಾಗಿ 2 ಗಂಟೆ ಮುಂಚಿನವರೆಗೆ ಕುಡಿಯಬಹುದು. ದಮ್ಮು, ಜೋರು ಗೊರಕೆ, ರಕ್ತ ತೆಳುವಾಗಿಸುವ ಗುಳಿಗೆ ಇದ್ದರೆ ಮುಚ್ಚಿಡಬೇಡಿ. ಗುಳಿಗೆಯನ್ನು ನೀವಾಗಿ ನಿಲ್ಲಿಸಲೂಬೇಡಿ. ಉಗುರಿನ ಬಣ್ಣ ಅಳಿಸಿ ಹೋಗಿ, ಆಕ್ಸಿಮೀಟರ್ ಸರಿಯಾಗಿ ಓದಬೇಕಲ್ಲ.

ಟೇಬಲ್ ಮೇಲೆ ಮಲಗಿಸಿ, ಗಂಟಲಿಗೆ ಲಿಗ್ನೊಕೇನ್ ಸ್ಪ್ರೇ ಹೊಡೆಯುತ್ತಾರೆ. ಕಹಿ ಎನಿಸಿ ಗಂಟಲು ಜೋಮು ಹಿಡಿಯುತ್ತದೆ. ಉಸಿರು ಕಟ್ಟಿದಂತೆ ಭಾಸವಾದರೂ ಕಟ್ಟಿರುವುದಿಲ್ಲ. ಆಕ್ಸಿಜನ್ ಕೊಡಲು ಬಹುತೇಕರಿಗೆ ಮೂಗಿನ ಸಣ್ಣ ನಳಿಗೆಯೇ ಸಾಕು: ನಿಮಿಷಕ್ಕೆ 1ರಿಂದ 6 ಲೀಟರ್. ಒಂದು ಹೊಳ್ಳೆಯಿಂದ ಕ್ಯಾಮೆರಾ ಇಳಿದರೆ ಇನ್ನೊಂದರಿಂದ, ಇಲ್ಲವೇ ಬಾಯಿಯಿಂದ ಆಕ್ಸಿಜನ್ ಹೋಗುತ್ತದೆ. ಅದು ಸಾಲದಿದ್ದರೆ ಕ್ಯಾಮೆರಾ ತೂರುವಷ್ಟು ಕಿಂಡಿಯಿರುವ ಮಾಸ್ಕ್. ಮೊದಲೇ ಆಕ್ಸಿಜನ್ ಕಡಿಮೆಯಿದ್ದವರಿಗೆ ಹೈ ಫ್ಲೋ ಯಂತ್ರ: ಬೆಚ್ಚಗಿನ, ತೇವದ ಗಾಳಿಯನ್ನು ನಿಮಿಷಕ್ಕೆ 60 ಲೀಟರ್‌ವರೆಗೂ ಮೂಗಿಗೆ ತಳ್ಳುತ್ತದೆ. ತೀರಾ ಕಷ್ಟವಿದ್ದವರಿಗೆ ಅರಿವಳಿಕೆ ಕೊಟ್ಟು ಗಂಟಲ ಟ್ಯೂಬಿನೊಳಗಿಂದಲೇ ನೋಡುತ್ತಾರೆ.

ದೊಡ್ಡ ಯಂತ್ರವೇ ಒಳ್ಳೆಯ ಚಿಕಿತ್ಸೆ ಎಂದು ಪಟ್ಟು ಹಿಡಿಯಬೇಡಿ. ಸಾಮಾನ್ಯವಾಗಿ ಆಕ್ಸಿಮೀಟರ್ ಪರದೆಯ ಅಂಕಿ ಶೇ 90ರ ಮೇಲಿರುವಂತೆ ನೋಡಿಕೊಳ್ಳುತ್ತಾರೆ. ಸಿಒಪಿಡಿ ಎಂಬ ಹಳೆಯ ಶ್ವಾಸಕೋಶದ ಕಾಯಿಲೆ ಇರುವವರಲ್ಲಿ ಹಲವರಿಗೆ 88–92 ಗುರಿ, ಅವರಿಗೆ ಆಕ್ಸಿಜನ್ ಅತಿಯಾದರೂ ಅಪಾಯ. ಅಂಕಿ ಕುಸಿದರೆ ಡಾಕ್ಟರು ಆಕ್ಸಿಜನ್ ಹೆಚ್ಚಿಸುತ್ತಾರೆ, ಅಗತ್ಯಬಿದ್ದರೆ ಕ್ಯಾಮೆರಾ ಹೊರತೆಗೆಯುತ್ತಾರೆ. ಮಾತಾಡಲು ಹೋಗಬೇಡಿ, ತೊಂದರೆಯಾದರೆ ಕೈ ಎತ್ತಿ. ಈ ಸನ್ನೆಯನ್ನು ಮೊದಲೇ ಕೇಳಿ ಗೊತ್ತುಮಾಡಿಕೊಳ್ಳಿ.

ಮುಗಿದ ಮೇಲೂ ಸುಮಾರು 2 ಗಂಟೆ ತುಟಿಗೆ ನೀರು ಬೇಡ. ಜೋಮು ಬಿಟ್ಟ ನಂತರ ಒಂದು ಗುಟುಕು ಕುಡಿದು ನೋಡಿ. ಮಂಪರಿನ ಮದ್ದು ಕೊಟ್ಟಿದ್ದರೆ ಆ ದಿನ ಗಾಡಿ ಓಡಿಸಬೇಡಿ, ಮನೆಯವರೊಬ್ಬರು ಜೊತೆಗಿರಲಿ. ಉಸಿರು ಹೆಚ್ಚು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿದಾಗ ರಕ್ತ ಹೆಚ್ಚುತ್ತಾ ಹೋದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.